ದೀಪದ ಹೊತ್ತಿನ ಎರಡು ರಿಂಗು

ನಿಪ್ಪಾಣಿ
೧೦ ಜನವರಿ ೨೦೨೫

ಪ್ರೀತಿಯ ಅಣ್ಣನಿಗೆ ಸುಜಾತಾಳ ನಮಸ್ಕಾರ.

ನಿನ್ನ ಪತ್ರ ಸೋಮವಾರ ಬಂತು. ತೆಲಸಂಗದ ಹಳೆಯ ತಂತಿಯ ಫೋನುಗಳನ್ನೆಲ್ಲ ಮಾರ್ಚ್ ಕೊನೆಗೆ ನಿಲ್ಲಿಸುತ್ತಾರಂತೆ. ಹೊಸ ತಂತಿ ಎಳೆಸಿಕೊಂಡು ಅದೇ ನಂಬರ್ ಇಟ್ಟುಕೊಳ್ಳಲೋ, ಇಲ್ಲ ಫೋನು ವಾಪಸು ಕೊಟ್ಟುಬಿಡಲೋ ಎಂದು ನನ್ನನ್ನು ಕೇಳಿದ್ದೀಯ. ಇದರಲ್ಲಿ ಕೇಳುವುದೇನಿದೆ ಅಣ್ಣಾ? ಕೊಟ್ಟುಬಿಡು.

ಸಿಟ್ಟಾಗಬೇಡ. ದಸರೆಗೆ ನಾನು ಫೋನು ಮಾಡಿದಾಗ ಏನಾಯಿತು ನೆನಪಿದೆಯೇ? "ಹಲೋ, ಯಾರ್ರಿ? ಜೋರಾಗಿ ಮಾತಾಡ್ರಿ, ಕೇಳವಲ್ದು!" ಎಂದು ನೀನು ಮೂರು ಸಲ ಕೂಗಿ ಇಟ್ಟುಬಿಟ್ಟೆ. ನಾನು ಇಲ್ಲಿ ಗಂಟಲು ಹರಿದುಕೊಂಡು "ನಾ ಸುಜಾತಾ, ನಾ ಸುಜಾತಾ" ಎನ್ನುತ್ತಿದ್ದರೆ ಪಕ್ಕದ ಮನೆಯವರು ಏನಾಯಿತೋ ಎಂದು ಬಾಗಿಲಿಗೆ ಬಂದರು. ಮೂವತ್ತು ವರ್ಷ ಬಸ್ಸಿನ ಇಂಜಿನ್ನಿನ ಪಕ್ಕ ನಿಂತು ಟಿಕೆಟ್ ಹರಿದವನ ಕಿವಿ ಅದು. ಗಂಟೆ ಬಾರಿಸಿದರೆ ಕೇಳುತ್ತದೆ, ಮನುಷ್ಯರ ಮಾತು ಕೇಳುವುದಿಲ್ಲ. ಮಾತು ಕೇಳದವನ ಮನೆಯಲ್ಲಿ ಫೋನು ಯಾಕೆ? ನನ್ನ ಮಗ ದುಂಡೇಶ ಕೊಡಿಸಿದ ಮೊಬೈಲಿನಲ್ಲಿ ನಾಲ್ಕು ಅಕ್ಷರ ಒತ್ತಿ ಕಳಿಸು ಎಂದರೆ, ಬೆರಳು ದಪ್ಪ ಎಂದು ಅದನ್ನು ಪೆಟ್ಟಿಗೆಗೆ ಹಾಕಿದೆ. ಹೀಗಾಗಿ ಈ ಕಾಲದಲ್ಲೂ ನಾವಿಬ್ಬರು ಅಂಚೆಯವನ ದಾರಿ ಕಾಯುತ್ತೇವೆ. ಸೊಸೆ ಮನಿಷಾಳಿಗೆ ಇದು ದೊಡ್ಡ ತಮಾಷೆ. "ಅತ್ತೀ, ನಿಮ್ಮ ಲವ್ ಲೆಟರ್ ಬಂತ್ರಿ" ಎಂದು ತಂದು ಕೊಡುತ್ತಾಳೆ.

ಕೆಂಪವ್ವ ವೈನಿ ಇದ್ದಾಗಿನ ಮಾತು ಬೇರೆ. ಆಗ ಆ ಫೋನಿಗೆ ಕೆಲಸವಿತ್ತು. ಅವಳು ಹೋಗಿ ಮೂರು ವರ್ಷವಾಯಿತು. ಹೆಂಡತಿಯ ಸೀರೆಗಳನ್ನು ಹಂಚಿದೆ, ಫೋನನ್ನು ಮಾತ್ರ ಇಟ್ಟುಕೊಂಡು ಕೂತಿದ್ದೀಯ.

ನಮ್ಮಲ್ಲಿ ಎಲ್ಲರೂ ಆರಾಮ. ದುಂಡೇಶ, ಮನಿಷಾ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುವುದು. ಬಂದ ಮೇಲೆ ಅವರವರ ಮೊಬೈಲು ಅವರವರ ಕೈಯಲ್ಲಿ. ಮನೆ ತುಂಬಾ ಶಾಂತವಾಗಿರುತ್ತದೆ. ನನ್ನ ಮೊಣಕಾಲು ನೋವು ಹಾಗೇ ಇದೆ.

ನಿನ್ನ ತಂಗಿ,
ಸುಜಾತಾ


ತೆಲಸಂಗ
೧೭ ಜನವರಿ ೨೦೨೫

ಚಿರಂಜೀವಿ ಸುಜಾತಾಳಿಗೆ ಅಣ್ಣನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯೋಣವೆಂದರೆ, ಎಲ್ಲರೂ ಎನ್ನುವಷ್ಟು ಜನ ಈ ಮನೆಯಲ್ಲಿಲ್ಲ. ನಾನು ಕ್ಷೇಮ.

ನಿನ್ನ ಪತ್ರ ಓದಿ ನಗು ಬಂತು. ಎಷ್ಟು ಚೆನ್ನಾಗಿ ಏನೂ ಗೊತ್ತಿಲ್ಲದವಳಂತೆ ಬರೆದಿದ್ದೀಯ! "ಮಾತು ಕೇಳದವನ ಮನೆಯಲ್ಲಿ ಫೋನು ಯಾಕೆ" ಅಂತೆ. ಯಾಕೆಂದು ನಿನಗೆ ಗೊತ್ತಿಲ್ಲವೇ? ಸರಿ, ನೀನು ಬಾಯಿ ಬಿಡುವುದಿಲ್ಲವಾದರೆ ನಾನೇ ಬಿಡುತ್ತೇನೆ.

ಆ ಫೋನು ಬಂದ ಕಾಲದಲ್ಲಿ ಇಡೀ ಕುರಿಗಾರರ ಓಣಿಗೆ ಅದೊಂದೇ ಫೋನು. ಎಲ್ಲರೂ ನಮ್ಮ ನಂಬರನ್ನೇ ಪಿಪಿ ನಂಬರ್ ಎಂದು ಬರೆದುಕೊಡುತ್ತಿದ್ದರು. ಗಂಡಸರು ದೀಪಾವಳಿ ಮುಗಿಸಿ ಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಗೆ, ಅಲ್ಲಿಂದ ಕೊಲ್ಹಾಪುರದ ಕಡೆಗೆ ಹೋದರೆ ಮಳೆಗಾಲಕ್ಕೇ ತಿರುಗಿ ಬರುವುದು. ಸಂಜೆ ಯಾವುದಾದರೂ ಊರಿನ ಡಬ್ಬಿ ಫೋನಿನಿಂದ ಎರಡು ರಿಂಗ್ ಕೊಟ್ಟು ಇಡುತ್ತಿದ್ದರು. ಎರಡು ರಿಂಗ್ ಅಂದರೆ ಆರಾಮ. ಇಲ್ಲಿ ಯಾರೂ ಎತ್ತಬಾರದು, ಎತ್ತಿದರೆ ಅವರಿಗೆ ದುಡ್ಡು. ಒಬ್ಬೊಬ್ಬರಿಗೆ ಒಂದೊಂದು ಹೊತ್ತು, ಯಾವ ಹೊತ್ತು ಯಾರದೆಂದು ಕೆಂಪವ್ವನ ತಲೆಯಲ್ಲೇ ಇರುತ್ತಿತ್ತು. ಅವಳು ಅವರವರ ಮನೆಗೆ ಹೋಗಿ "ನಿನ್ನ ಗಂಡ ಆರಾಮದಾನಂತ, ರೊಟ್ಟಿ ಬಡಿ" ಎಂದು ಹೇಳಿ ಬರುತ್ತಿದ್ದಳು. ಇದೆಲ್ಲ ನಾನು ಅವಳಿಂದ ಕೇಳಿದ್ದು. ಸಂಜೆ ಹೊತ್ತಿಗೆ ನಾನು ಕಾಗವಾಡದ ಬಸ್ಸಿನಲ್ಲಿ ಇರುತ್ತಿದ್ದೆ. ನನಗೆ ಗೊತ್ತಿದ್ದ ಎರಡು ಗಂಟೆ ಒಂದೇ, ಡ್ರೈವರನಿಗೆ ಹಗ್ಗ ಜಗ್ಗಿ ಕೊಡುವ ಎರಡು ಗಂಟೆ. ರೈಟ್, ಎಲ್ಲ ಸರಿ ಇದೆ, ಹೊರಡು ಎಂದು.

ನೀನೂ ಪಂಚಮಿಗೆ ತವರಿಗೆ ಬಂದು ನಿಪ್ಪಾಣಿಗೆ ಮರಳಿದಾಗ ದೀಪದ ಹೊತ್ತಿಗೆ ಎರಡು ರಿಂಗ್ ಕೊಡುತ್ತಿದ್ದೆ. ಮುಟ್ಟಿದೆ ಎಂದು.

ಕೆಂಪವ್ವ ಹೋಗಿ ನಾಲ್ಕು ತಿಂಗಳಿಗೆ ನಾನು ನಿವೃತ್ತನಾದೆ. ಮೊದಲ ಸಂಜೆ ಈ ಮನೆಯಲ್ಲಿ ಏನು ಮಾಡಬೇಕೆಂದು ತಿಳಿಯದೆ ಕೂತಿದ್ದೆ. ದೀಪ ಹಚ್ಚುವುದೋ ಬೇಡವೋ ಎಂದುಕೊಳ್ಳುವಷ್ಟರಲ್ಲಿ ಫೋನು ಎರಡು ಸಲ ಬಾರಿಸಿ ನಿಂತಿತು. ನನಗೆ ಆಗಲೇ ತಿಳಿಯಿತು, ಇದು ನಮ್ಮ ಸುಜಾತಾ ಎಂದು. ಎದ್ದು ದೀಪ ಹಚ್ಚಿದೆ. ಅವತ್ತಿನಿಂದ ಇವತ್ತಿನವರೆಗೆ ನೀನು ತಪ್ಪಿಸಿಲ್ಲ. ನನಗೆ ಚೆನ್ನಾಗಿ ಕೇಳಲಿ ಎಂದು ಹಿಟ್ಟು ನಾದುವ ಹಿತ್ತಾಳೆಯ ಪರಾತ ಬೋರಲು ಹಾಕಿ ಅದರ ಮೇಲೆ ಫೋನು ಇಟ್ಟಿದ್ದೇನೆ. ಬಾರಿಸಿದರೆ ಪರಾತವೂ ನಡುಗುತ್ತದೆ. ಆಮೇಲೆ ನಾನು ಊಟಕ್ಕೆ ಕೂಡುತ್ತೇನೆ. ಅದು ಬಾರಿಸದೆ ಊಟ ಮಾಡಿದ್ದಿಲ್ಲ.

ಇಷ್ಟು ದಿನ ಹೇಳಲಿಲ್ಲ. ಹೇಳಿದರೆ ನೀನು ನಾಚಿಕೊಂಡು ನಿಲ್ಲಿಸಿಬಿಡುತ್ತೀಯೋ ಎಂದು ಹೆದರಿಕೆ. ಈಗ ಹೇಳಿದ್ದೇನೆ. ನಿಲ್ಲಿಸಬೇಡ. ಫೋನು ಕೊಡು ಎಂದು ಮಾತ್ರ ಬರೆಯಬೇಡ.

ನಿನ್ನ ಅಣ್ಣ,
ಅಣ್ಣಾಸಾಬ


ನಿಪ್ಪಾಣಿ
೨ ಫೆಬ್ರುವರಿ ೨೦೨೫

ಪ್ರೀತಿಯ ಅಣ್ಣನಿಗೆ,

ಉತ್ತರ ತಡವಾಯಿತು. ಮನೆಯಲ್ಲಿ ಸುಣ್ಣ ಬಣ್ಣದ ಕೆಲಸ ನಡೆದಿತ್ತು. ಎರಡು ಸಲ ಬರೆಯಲು ಕೂತು ಎದ್ದೆ.

ಆಯಿತು, ಫೋನು ಇರಲಿ ಬಿಡು. ಹೊಸ ತಂತಿ ಹಾಕಿಸಿಕೋ. ನಾನು ಸುಮ್ಮನೆ ಏನೋ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ರಿಂಗ್ ಬರುತ್ತದೆ.

ಸುಜಾತಾ


ತೆಲಸಂಗ
೧೨ ಫೆಬ್ರುವರಿ ೨೦೨೫

ಚಿರಂಜೀವಿ ಸುಜಾತಾ,

ನಿನ್ನ ಪತ್ರ ಇಷ್ಟು ಸಣ್ಣದಾದರೂ ನನಗೆ ಸಾಕಾಯಿತು. "ರಿಂಗ್ ಬರುತ್ತದೆ" ಎಂದು ಬರೆದೆಯಲ್ಲ, ಅದನ್ನು ನಾಲ್ಕು ಸಲ ಓದಿದೆ.

ಅವತ್ತೇ ಲೈನ್‌ಮನ್ ಬಾಬಾಸಾಹೇಬನನ್ನು ಕರೆಸಿದೆ. ಅವನೂ ನಿವೃತ್ತಿಯ ದಾರಿ ನೋಡುತ್ತಿರುವವನು. ನನ್ನ ಕಿವಿಯ ಹತ್ತಿರ ಬಾಯಿ ತಂದು ಒದರಿದ, "ಅಣ್ಣಾಸಾಬ್ರ, ಹೊಸಾ ತಂತಿ ಕರೆಂಟಿನ ಮ್ಯಾಲ ನಡೀತೈತ್ರಿ. ಕರೆಂಟ್ ಹೋತಂದ್ರ ಫೋನೂ ಹೋತು. ಬಾಜೂಕ ಒಂದ ಬ್ಯಾಟರಿ ಇಟ್ಕೋರಿ." ನಮ್ಮೂರಲ್ಲಿ ದೀಪದ ಹೊತ್ತಿಗೇ ಕರೆಂಟ್ ಹೋಗುವುದು. ಬ್ಯಾಟರಿ ಇಡುತ್ತೇನೆ. ನಿನ್ನ ರಿಂಗನ್ನು ಕತ್ತಲೆಯಲ್ಲಿ ನಿಲ್ಲಿಸುವುದಿಲ್ಲ.

ಒಬ್ಬನೇ ಇದ್ದರೆ ಮನುಷ್ಯನಿಗೆ ಕೆಟ್ಟ ಯೋಚನೆಗಳು ಬರುತ್ತವೆ ತಂಗಿ. ಎಲ್ಲರೂ ನನ್ನನ್ನು ಮರೆತರು ಎಂದು ಅನ್ನಿಸುತ್ತದೆ. ಕೆಂಪವ್ವನ ತಮ್ಮ ಮಾಳುವನ್ನೇ ನೋಡು. ಜತ್ತದ ಕಡೆಯ ಹಳ್ಳಿಯವನು, ತಾಯಿ ಇಲ್ಲದ ಹುಡುಗ ಎಂದು ಕೆಂಪವ್ವ ಈ ಮನೆಯಲ್ಲೇ ಇಟ್ಟುಕೊಂಡು ದೊಡ್ಡವನನ್ನಾಗಿ ಮಾಡಿದಳು. ಅವಳ ಮಣ್ಣು ಮುಗಿದು ಮೂರನೆಯ ದಿನಕ್ಕೆ ಬಂದ. ಒಂದು ತಾಸು ಕೂತ, ಒಂದು ಮಾತೂ ಆಡಲಿಲ್ಲ, ಎದ್ದು ಹೋದ. ಆಮೇಲೆ ಈ ಕಡೆ ಮುಖ ಹಾಕಿಲ್ಲ. ಅಕ್ಕ ಹೋದಳು, ಮಾಮನ ಹಂಗು ತೀರಿತು. ಅಂಥವರ ನಡುವೆ ನೀನೊಬ್ಬಳು ದಿನಾ ನೆನೆಸುತ್ತೀಯ ಎಂದು ನಾನು ಗಟ್ಟಿಯಾಗಿದ್ದೇನೆ.

ಆದರೆ ಈಗ ಒಂದು ಗಾಬರಿ. ನಾಲ್ಕೈದು ದಿನದಿಂದ ಫೋನು ಸಂಜೆ ಎರಡು ಸಲ ಬಾರಿಸುತ್ತಿದೆ. ದೀಪದ ಹೊತ್ತಿಗೆ ಎರಡು ರಿಂಗ್, ಮತ್ತೆ ಏಳೂವರೆಗೆ ಎರಡು ರಿಂಗ್. ಮೊದಲ ದಿನ ಮರೆತು ಎರಡನೆಯ ಸಲ ಮಾಡಿದೆ ಎಂದುಕೊಂಡೆ. ದಿನಾ ಹಾಗೇ ಆಗುತ್ತಿದೆ. ಏನಾಗಿದೆ? ದುಂಡೇಶ ಏನಾದರೂ ಅಂದನೇ? ನಿನ್ನ ಮೊಣಕಾಲು ಹೆಚ್ಚಾಯಿತೇ? ಬರೆಯಲಾಗದ್ದು ಏನಾದರೂ ಇದೆಯೇ?

ಬೇಗ ಉತ್ತರ ಬರೆ. ಇಲ್ಲವಾದರೆ ನಾನೇ ನಿಪ್ಪಾಣಿ ಬಸ್ಸು ಹತ್ತುತ್ತೇನೆ, ಟಿಕೆಟ್ ತೆಗೆಸಿಕೊಂಡು.

ಅಣ್ಣ


ನಿಪ್ಪಾಣಿ
೧೬ ಫೆಬ್ರುವರಿ ೨೦೨೫

ಅಣ್ಣಾ,

ನನಗೇನೂ ಆಗಿಲ್ಲ. ಬಸ್ಸು ಹತ್ತಬೇಡ. ಈ ಪತ್ರ ಓದಿ ಮುಗಿಸು, ಆಮೇಲೆ ಬೇಕಾದರೆ ಬೈದುಕೋ.

ಏಳೂವರೆಯ ರಿಂಗ್ ನನ್ನದು. ದೀಪದ ಹೊತ್ತಿನದು ನನ್ನದಲ್ಲ.

ಮೂರು ವರ್ಷದಿಂದ ಬರುತ್ತಿರುವುದು ನನ್ನದಲ್ಲ ಅಣ್ಣಾ. ಜನವರಿಯ ನಿನ್ನ ಪತ್ರ ಓದಿದಾಗಲೇ ನನಗೆ ಅದು ತಿಳಿದದ್ದು. ಯಾರೋ ಕೊಟ್ಟ ರಿಂಗಿಗೆ ನೀನು ದೀಪ ಹಚ್ಚಿ, ಊಟ ಮಾಡಿ, ನನ್ನ ಹೆಸರು ಹೇಳುತ್ತಿದ್ದೀಯ. ನಾನು ಇಲ್ಲಿ ಹಬ್ಬಕ್ಕೊಂದು ಫೋನು ಮಾಡಿ, ಕೇಳಲಿಲ್ಲ ಎಂದು ಕೈ ಬಿಟ್ಟವಳು. ಇಲ್ಲ, ಅದು ನಾನಲ್ಲ ಎಂದು ಬರೆಯಲು ಕೂತರೆ ಆ ಬೋರಲು ಹಾಕಿದ ಪರಾತ ಕಣ್ಣ ಮುಂದೆ ಬರುತ್ತಿತ್ತು. ಬರೆಯಲಾಗಲಿಲ್ಲ.

ಹೌದು ಎಂದು ಹೇಳಿಬಿಟ್ಟ ಮೇಲೆ ಅದು ಸುಳ್ಳಾಗಿ ಉಳಿಯಬಾರದು ಎನ್ನಿಸಿತು. ಅದಕ್ಕೇ ನಿಜವಾಗಿಯೂ ರಿಂಗ್ ಕೊಡಲು ಶುರು ಮಾಡಿದೆ. ದೀಪದ ಹೊತ್ತಿಗೆ ಮನೆಗೆ ಎಲ್ಲರೂ ಬರುವ ಗಡಿಬಿಡಿ, ಚಹಾ ಮಾಡಬೇಕು. ಏಳೂವರೆಗೆ ಎಲ್ಲರೂ ಮೊಬೈಲು ಹಿಡಿದು ಕೂತ ಮೇಲೆ ನಾನು ಅಡುಗೆಮನೆಗೆ ಹೋಗಿ ಎರಡು ರಿಂಗ್ ಕೊಡುತ್ತಿದ್ದೆ. ಆ ಇನ್ನೊಂದು ರಿಂಗ್ ತಾನೇ ನಿಂತುಹೋಗಲಿ, ನನ್ನದೊಂದೇ ಉಳಿಯಲಿ ಎಂದು ಹುಚ್ಚಿಯ ಹಾಗೆ ಬೇಡಿಕೊಂಡೆ.

ಇದನ್ನು ಹೊಟ್ಟೆಗೆ ಹಾಕಿಕೋ ಅಣ್ಣಾ. ನನ್ನನ್ನು ತಪ್ಪು ತಿಳಿಯಬೇಡ.

ಸುಜಾತಾ


ತೆಲಸಂಗ
೨೭ ಫೆಬ್ರುವರಿ ೨೦೨೫

ಸುಜಾತಾಳಿಗೆ,

ಪತ್ರ ತಲುಪಿತು.

ನಿನ್ನ ಮೇಲೆ ಸಿಟ್ಟಿಲ್ಲ. ನನ್ನ ಮೇಲೇ ನನಗೆ ನಾಚಿಕೆ. ಯಾವುದೋ ಕಂಪನಿಯವರದೋ, ನಂಬರ್ ತಪ್ಪಿದವರದೋ ರಿಂಗು. ಅದಕ್ಕೆ ಮೂರು ವರ್ಷ ದೀಪ ಹಚ್ಚಿದ್ದೇನೆ.

ಹೊಸ ತಂತಿ ಬೇಡ ಎಂದು ಬಾಬಾಸಾಹೇಬನಿಗೆ ಹೇಳಿದ್ದೇನೆ. ಮಾರ್ಚ್ ಕೊನೆಗೆ ಬಂದು ಫೋನು ಒಯ್ಯುತ್ತಾನೆ. ನೀನು ಮೊದಲೇ ಹೇಳಿದ್ದು ಸರಿ. ಏಳೂವರೆಯ ರಿಂಗೂ ನಿಲ್ಲಿಸು. ಕನಿಕರದ ರಿಂಗು ನನಗೆ ಬೇಡ.

ಪರಾತ ತೊಳೆದು ಮೇಲಿಟ್ಟೆ.

ಅಣ್ಣಾಸಾಬ


ನಿಪ್ಪಾಣಿ
೪ ಮಾರ್ಚ್ ೨೦೨೫

ಅಣ್ಣಾ,

ನಿಲ್ಲಿಸಿದ್ದೇನೆ. ಏಳೂವರೆಗೆ ಅಡುಗೆಮನೆಯಲ್ಲಿ ಸುಮ್ಮನೆ ನಿಲ್ಲುತ್ತೇನೆ, ಅಷ್ಟೆ.

ಒಂದು ಮಾತು ಮಾತ್ರ ಕೇಳು. ಫೋನು ಕೊಡು, ಇಟ್ಟುಕೋ, ನಿನ್ನಿಷ್ಟ. ಆದರೆ ಅದು ಕಂಪನಿಯವರದಲ್ಲ. ಕಂಪನಿಯವರು ಎರಡೇ ರಿಂಗಿಗೆ ಇಡುವುದಿಲ್ಲ, ಎತ್ತುವವರೆಗೆ ಬಾರಿಸುತ್ತಾರೆ. ನಂಬರ್ ತಪ್ಪಿದವರು ಮೂರು ವರ್ಷ ಒಂದೇ ಹೊತ್ತಿಗೆ ತಪ್ಪುವುದಿಲ್ಲ. ಎರಡು ರಿಂಗ್ ಕೊಟ್ಟು ಇಡುವವರು ನಮ್ಮ ಓಣಿಯ ಪದ್ಧತಿ ಬಲ್ಲವರು. ಅವರು ಯಾರೋ ದಿನಾ ಆ ಮನೆಯನ್ನು ನೆನೆಸುತ್ತಿದ್ದಾರೆ. ನಾನಲ್ಲ ಎಂದ ಮಾತ್ರಕ್ಕೆ ಯಾರೂ ಅಲ್ಲ ಎಂದಾಗುತ್ತದೆಯೇ?

ಫೋನು ಕೊಡುವ ಮೊದಲು ಒಮ್ಮೆ ಎತ್ತು. ಕಿವಿ ಕೇಳದಿದ್ದರೆ ಪಕ್ಕದವರನ್ನು ಕರೆದು ಅವರ ಕೈಗೆ ಕೊಡು. ಯಾರೆಂದು ತಿಳಿಯದೆ ತಂತಿ ಕಡಿಸಬೇಡ. ಅವರಿಗೆ ತಿಳಿಯುವುದೂ ಇಲ್ಲ, ಅವರು ಅಲ್ಲಿ ಕೂತು ರಿಂಗ್ ಕೊಡುತ್ತಲೇ ಇರುತ್ತಾರೆ.

ನೀನು ಉತ್ತರ ಬರೆಯದಿದ್ದರೂ ಚಿಂತೆಯಿಲ್ಲ. ಊಟ ಮಾತ್ರ ಬಿಡಬೇಡ.

ಸುಜಾತಾ


ತೆಲಸಂಗ
೨೪ ಮಾರ್ಚ್ ೨೦೨೫

ಚಿರಂಜೀವಿ ಸುಜಾತಾಳಿಗೆ ಆಶೀರ್ವಾದ.

ಇದನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ. ಹಾಳೆ ಸಾಲುವುದಿಲ್ಲ, ಹಿಂದೆ ಮುಂದೆ ಎರಡೂ ಕಡೆ ಬರೆದಿದ್ದೇನೆ, ನೋಡಿ ಓದು.

ನಿನ್ನ ಪತ್ರ ಬಂದ ಮೇಲೂ ಒಂದು ವಾರ ಹಟ ಹಿಡಿದು ಕೂತೆ. ಬಾರಿಸಿದರೆ ಬಾರಿಸಲಿ ಎಂದು ಆ ಹೊತ್ತಿಗೆ ಹೊರಗೆ ಕಟ್ಟೆಯ ಮೇಲೆ ಕೂಡುತ್ತಿದ್ದೆ. ಆದರೆ ಯಾರು ಯಾರು ಎಂಬುದು ತಲೆಯಿಂದ ಹೋಗಲಿಲ್ಲ. ಪಕ್ಕದವರನ್ನು ಕರೆಯಲು ಮನಸ್ಸಾಗಲಿಲ್ಲ. "ಮುದುಕ ಎರಡು ರಿಂಗಿಗಾಗಿ ಕಾಯುತ್ತಾನೆ" ಎಂದು ಓಣಿಯೆಲ್ಲ ಆಡಿಕೊಂಡರೆ? ಕೊನೆಗೆ ಒಂದು ಸಂಜೆ ಒಳಗೇ ಕೂತೆ. ಮೊದಲ ರಿಂಗ್ ಆಯಿತು. ಎತ್ತಿದೆ.

"ಯಾರ್ರಿ? ಯಾರದು?" ಎಂದೆ. ಆ ಕಡೆ ಏನೋ ಗುಯ್ ಎಂದಿತು. ಗಂಡಸಿನ ದನಿಯೋ ಹೆಂಗಸಿನದೋ ತಿಳಿಯಲಿಲ್ಲ. "ಜೋರಾಗಿ ಮಾತಾಡ್ರಿ, ನಂಗ ಕಿವಿ ಕೇಳಂಗಿಲ್ಲ" ಎಂದು ಕೂಗಿದೆ. ಸ್ವಲ್ಪ ಹೊತ್ತು ಗುಯ್ ಗುಯ್ ಆಗಿ ನಿಂತಿತು. ಅಷ್ಟೇ. ಮರುದಿನ ದೀಪದ ಹೊತ್ತು ಬಂತು, ಫೋನು ಬಾರಿಸಲಿಲ್ಲ. ಎತ್ತಿ ಕೆಡಿಸಿದೆ ಎಂದುಕೊಂಡೆ. ಮೂರು ವರ್ಷದಲ್ಲಿ ಮೊದಲ ಸಲ ಆ ಹೊತ್ತು ಖಾಲಿ ಹೋಯಿತು. ಸುಳ್ಳು ಯಾಕೆ ಹೇಳಲಿ, ಅವತ್ತು ನಾನು ಊಟ ಮಾಡಲಿಲ್ಲ.

ಅದರ ಮರುದಿನ ಬೆಳಿಗ್ಗೆ ಹಲ್ಲು ತಿಕ್ಕುತ್ತ ನಿಂತಿದ್ದೆ. ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಮೊಣಕಾಲವರೆಗೆ ಧೂಳು ಹತ್ತಿದ ಮನುಷ್ಯನೊಬ್ಬ ಓಣಿಯ ತುದಿಯಿಂದ ಓಡಿದಂತೆ ಬಂದ. ನಮ್ಮ ಬಾಗಿಲಿಗೆ ಬಂದು ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮಾಳು.

ಹೊಸ್ತಿಲ ಮೇಲೆ ಕುಸಿದು ಕೂತುಬಿಟ್ಟ. ಆಮೇಲೆ ನನ್ನ ಎಡಗಿವಿಯ ಹತ್ತಿರ ಬಂದು ಕೇಳಿದ.

"ಯಾರಿಗೇನಾಗೇತ್ರಿ ಮಾಮಾ?"

"ಯಾರಿಗೂ ಏನೂ ಆಗಿಲ್ಲೋ. ಯಾಕ?"

"ಹಂಗಾರ ಯಾಕ ಎತ್ತಿದ್ರಿ?"

ನನಗೆ ಅರ್ಥವಾಗಲಿಲ್ಲ. ಅವನ ತುಟಿಗಳು ನಡುಗುತ್ತಿದ್ದವು, ನೋಡಿ ತಿಳಿದುಕೊಳ್ಳೋಣವೆಂದರೆ ಆಗುತ್ತಿರಲಿಲ್ಲ. ನೀರು ಕೊಟ್ಟು ಕೂರಿಸಿ ಒಂದೊಂದೇ ಮಾತು ಕೇಳಿಸಿಕೊಂಡೆ.

ದೀಪದ ಹೊತ್ತಿನ ರಿಂಗು ಅವನದು. ಅವನು ಮೊದಲ ಸಲ ಹಿಂಡಿನ ಜೊತೆ ಹೊರಟಾಗ ಕೆಂಪವ್ವ ಅವನಿಗೆ ಆ ಹೊತ್ತು ಕೊಟ್ಟಿದ್ದಳಂತೆ. ಅವನಿಗೊಬ್ಬನಿಗೇ ಬೇರೆ ಒಂದು ಮಾತೂ ಹೇಳಿದ್ದಳಂತೆ. ಅವನು ಅದನ್ನು ಅವಳ ದನಿಯಲ್ಲೇ ಹೇಳಿದ. "ಎಲ್ಲೇ ಇರು, ದೀಪಾ ಹಚ್ಚೂ ಹೊತ್ತಿಗೆ ಎರಡ ರಿಂಗ್ ಕೊಡು. ನಾ ಎತ್ತಂಗಿಲ್ಲ. ಎತ್ತಲಿಲ್ಲಂದ್ರ ನಾವು ಆರಾಮ. ಎತ್ತಿದ್ನೆಂದ್ರ ಮನ್ಯಾಗ ಏನೋ ಆಗೇತಿ, ಹಿಂಡ ಬಿಟ್ಟ ಬಾ."

ನಾನು ಎತ್ತಿದಾಗ ಅವನು ಯಡೂರಿನ ಹತ್ತಿರ ಹೊಳೆದಂಡೆಯಲ್ಲಿ, ಜೊತೆಯವರ ಮೊಬೈಲು ಹಿಡಿದು ನಿಂತಿದ್ದ. ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. "ನಾ ಮಾಳುರಿ, ಏನಾತ್ರಿ" ಎಂದು ಅವನು ಕೂಗಿದ್ದು ನನಗೆ ಗುಯ್ ಎಂದು ಕೇಳಿದೆ. ನಾನು ಕೂಗಿದ್ದು ಅವನಿಗೆ ಸಂಕಟದವನ ಕೂಗಿನಂತೆ ಕೇಳಿದೆ. ಮರುದಿನ ಹಿಂಡನ್ನು ಜೊತೆಯವನ ಕೈಗೆ ಕೊಟ್ಟು ಹೊರಟಿದ್ದಾನೆ. ನಡೆದು, ಕಬ್ಬಿನ ಟ್ರ್ಯಾಕ್ಟರ್ ಹತ್ತಿ, ಅಥಣಿಯಲ್ಲಿ ರಾತ್ರಿಯೆಲ್ಲ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ಮೊದಲ ಬಸ್ಸಿಗೆ ಬಂದಿದ್ದಾನೆ. ದಾರಿಯಲ್ಲಿ ಒಂದೇ ಯೋಚನೆಯಂತೆ, ಈ ಸಲವೂ ಮಣ್ಣು ಮುಗಿದಿರುತ್ತದೋ ಏನೋ ಎಂದು.

ನಾನು ಕೇಳಿದೆ, "ನಿಮ್ಮಕ್ಕ ಹೋಗಿ ಮೂರ ವರ್ಷಾತು. ಯಾರಿಗಿ ಕೊಡ್ತಿದ್ಯೋ ರಿಂಗ್?"

ಅವನು ನೀರಿನ ತಂಬಿಗೆ ಕೆಳಗಿಟ್ಟ. ಆಮೇಲೆ ಹೇಳಿದ.

"ಅಕ್ಕ ಸತ್ತ ದಿನಾನೂ ಕೊಟ್ಟೀನ್ರಿ ಮಾಮಾ. ಯಾರೂ ಎತ್ತಲಿಲ್ಲ. ಆರಾಮದಾಳಂತ ರೊಟ್ಟಿ ತಿಂದ ಮಲಗಿದ್ನಿ."

ಸುಜಾತಾ, ಅವತ್ತು ಮನೆ ತುಂಬ ಜನರಿದ್ದರು. ನೀನೂ ಇದ್ದೆ. ಅಳುವಿನ ನಡುವೆ ಫೋನು ಬಾರಿಸಿರಬೇಕು. ಯಾರು ಗಮನಿಸುತ್ತಾರೆ? ಮೂರನೆಯ ದಿನ ಬಂದು ಅವನು ಯಾಕೆ ಒಂದು ಮಾತೂ ಆಡದೆ ಹೋದನೆಂದು ನನಗೆ ಈಗ ತಿಳಿಯಿತು. ನಾನು ಅದನ್ನು ಸೊಕ್ಕು ಎಂದುಕೊಂಡಿದ್ದೆ.

"ಎರಡ ರಿಂಗ್ ಆಗೂತನಾ ನಮ್ಮಕ್ಕ ಅದಾಳ ಅನ್ನಸ್ತೈತ್ರಿ. ಎತ್ತಲಿಲ್ಲಂದ್ರ ಆರಾಮ ಅಂತ ಅಲ್ರಿ? ದಿನಾ ಹಂಗ ಅನ್ಕೊಂಡ ಮಲಗ್ತೀನ್ರಿ" ಎಂದ. ಇಷ್ಟು ದೊಡ್ಡ ಗಂಡಸು ಕಂಬಳಿಯ ತುದಿ ಬಾಯಿಗೆ ಹಿಡಿದು ಅತ್ತ. ನಾನೂ ಅತ್ತೆ. ಈ ಮನೆಯಲ್ಲಿ ಅವಳಿಗಾಗಿ ಇಬ್ಬರು ಕೂಡಿ ಅತ್ತಿದ್ದು ಅದೇ ಮೊದಲು.

ನಾನು ರೊಟ್ಟಿ ಬಡಿದೆ. ದಪ್ಪ ಆಗಿದ್ದವು, ಬಾಯಿ ಮುಚ್ಚಿಕೊಂಡು ತಿಂದ. ತಿನ್ನುತ್ತಿರುವಾಗ ಬೈದೆ, "ಮೂರ ವರ್ಷ ಒಂದ ಸಲನಾರ ಬರಬಾರದೇನೋ?" ಅದಕ್ಕೆ ಅವನು ತಲೆ ಎತ್ತದೆ ಅಂದ, "ಅಕ್ಕ ಇಲ್ಲದ ಮನಿಗಿ ಕರೀದ ಹೆಂಗ ಬರ್ಲಿರಿ ಮಾಮಾ? ನೀವು ಕರೀತೀರಂತ ಹಾದಿ ನೋಡಿದ್ನಿ." ನಾನು ಅವನು ಬರಲಿ ಎಂದು ಕೂತೆ, ಅವನು ನಾನು ಕರೆಯಲಿ ಎಂದು ಕೂತ. ನಡುವೆ ಆ ಫೋನು ದಿನಾ ಬಾರಿಸುತ್ತಿತ್ತು.

ಕುರಿ ಬಿಟ್ಟು ಬಂದವನು, ಮರುದಿನ ಹೊರಟ. ಹೋಗುವಾಗ ಫೋನಿನ ಮುಂದೆ ನಿಂತು, "ಇದನ್ನ ತಗೀತಾರಂತಲ್ರಿ" ಎಂದು ಕೇಳಿದ. ಓಣಿಯಲ್ಲಿ ಯಾರೋ ಹೇಳಿರಬೇಕು. ಇಲ್ಲ ಎಂದೆ. ಬಾಬಾಸಾಹೇಬನನ್ನು ಮತ್ತೆ ಕರೆಸಿದೆ. "ಒಮ್ಮಿ ಬೇಕಂತೀರಿ, ಒಮ್ಮಿ ಬ್ಯಾಡಂತೀರಿ" ಎಂದು ಒದರಾಡಿದ. ಹೊಸ ತಂತಿ ಶನಿವಾರ ಬರುತ್ತದೆ, ನಂಬರ್ ಅದೇ. ಬ್ಯಾಟರಿಯನ್ನೂ ತಂದಿಟ್ಟೆ. ಪರಾತವನ್ನು ಮತ್ತೆ ಕೆಳಗಿಳಿಸಿದ್ದೇನೆ.

ಪಂಚಮಿಗೆ ಬಾ ಎಂದು ಮಾಳುವಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ರಿಂಗು. ಮೊನ್ನೆಯಿಂದ ಮತ್ತೆ ಬರುತ್ತಿದೆ. ನಾನು ರಿಸೀವರಿನ ಮೇಲೆ ಕೈ ಇಟ್ಟುಕೊಂಡು ಕೂಡುತ್ತೇನೆ, ಎರಡು ಸಲ ಅಂಗೈಯಲ್ಲಿ ನಡುಗಿ ನಿಲ್ಲುತ್ತದೆ. ಎತ್ತುವುದಿಲ್ಲ. ಎತ್ತಿದರೆ ಬಂದುಬಿಡುತ್ತಾನೆ ಎಂಬುದು ಈಗ ನನಗೆ ಗೊತ್ತು. ಕಿವಿ ಕೇಳದಿದ್ದರೂ ಒಬ್ಬನನ್ನು ಕರೆಯಲು ನನ್ನಿಂದ ಆಗುತ್ತದೆ. ಅಷ್ಟು ಸಾಕು, ಎತ್ತದೆ ಇರಲು ಈಗ ಸುಲಭವಾಗಿದೆ.

ಎತ್ತು ಎಂದು ಹೇಳಿದವಳು ನೀನು. ನನ್ನ ಮೇಲೆ ಬೇಸರ ಇಟ್ಟುಕೊಳ್ಳಬೇಡ. ನಿನ್ನ ಏಳೂವರೆಯ ರಿಂಗೂ ಇರಲಿ. ಕನಿಕರದ್ದು ಎಂದು ಬರೆದದ್ದನ್ನು ಹೊಡೆದು ಹಾಕಿದ್ದೇನೆ ಎಂದು ತಿಳಿ. ನಿನ್ನನ್ನೂ ಪಂಚಮಿಗೆ ಕರೆಯಬೇಕು. ಆದರೆ ನಿನಗೆ ಮೊಣಕಾಲು ನೋವು, ಬಸ್ಸು ಆಗಿಬರುವುದಿಲ್ಲ, ಅಷ್ಟು ತುಂಬಿದ ಮನೆ ಬಿಟ್ಟು ಬರುವುದೂ ಕಷ್ಟ ಎಂದು ಮೂರು ವರ್ಷದಿಂದ ಕರೆಯಲಿಲ್ಲ. ನಿನಗೆ ತೊಂದರೆ ಕೊಡುವುದಿಲ್ಲ.

ನಿನ್ನ ಅಣ್ಣ,
ಅಣ್ಣಾಸಾಬ


ನಿಪ್ಪಾಣಿ
೩ ಏಪ್ರಿಲ್ ೨೦೨೫

ಪ್ರೀತಿಯ ಅಣ್ಣನಿಗೆ,

ನಿನ್ನ ಪತ್ರವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಹಿಂದೆ ಮುಂದೆ ಎರಡೂ ಕಡೆ. ಮನಿಷಾ ಯಾಕೆ ಅಳುತ್ತೀರಿ ಎಂದಳು. ಈರುಳ್ಳಿ ಎಂದೆ. ಕೈಯಲ್ಲಿ ಈರುಳ್ಳಿ ಇರಲಿಲ್ಲ, ಅವಳೂ ಮತ್ತೆ ಕೇಳಲಿಲ್ಲ.

ಫೋನು ಉಳಿಯಿತಲ್ಲ, ಒಳ್ಳೆಯದಾಯಿತು. ಮಾಳುವಿಗೆ ನನ್ನ ಕಡೆಯಿಂದಲೂ ಒಂದು ಮಾತು ಹೇಳು. ಅವತ್ತು ಆ ಮನೆಯಲ್ಲಿ ನಾನೂ ಇದ್ದೆ, ಫೋನು ಬಾರಿಸಿದ್ದು ನನಗೂ ಕೇಳಲಿಲ್ಲ ಎಂದು.

ಅವನು ರೊಟ್ಟಿ ತಿನ್ನುತ್ತ ಹೇಳಿದ ಮಾತು ಇದೆಯಲ್ಲ, ಕರೆಯದೆ ಹೇಗೆ ಬರಲಿ ಎಂದು, ಅದನ್ನು ನೀನು ಅವನದೆಂದು ಬರೆದಿದ್ದೀಯ. ಅದು ನನ್ನದೂ ಹೌದು ಅಣ್ಣಾ. ವೈನಿ ಹೋದ ಮೇಲೆ ಮೂರು ಪಂಚಮಿ ಬಂದು ಹೋದವು. ಪ್ರತಿ ಸಲ ನಾನು ಉಂಡೆ ಕಟ್ಟಿ ಡಬ್ಬಿಗೆ ತುಂಬಿ ಇಟ್ಟೆ. ಅಣ್ಣ ಪತ್ರ ಬರೆಯುತ್ತಾನೆ, ಬಾ ಎನ್ನುತ್ತಾನೆ ಎಂದು. ನಿನ್ನ ಪತ್ರ ಬರುತ್ತಿತ್ತು, ಮಳೆ ಹೇಗಿದೆ, ಜೋಳ ಹೇಗಿದೆ ಎಂದು ಇರುತ್ತಿತ್ತು. ಕರೆಯದ ತವರಿಗೆ ನಾನೂ ಹೇಗೆ ಬರಲಿ? ಮೊಣಕಾಲು ನೋವು ಎಂದು ಬರೆದೆ. ಯಾರಾದರೂ ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಹೇಳಲು ಏನಾದರೂ ಬೇಕಲ್ಲ. ನೋವು ಅಷ್ಟೇನೂ ಇಲ್ಲ. ಮಾರುಕಟ್ಟೆಗೆ ನಡೆದೇ ಹೋಗಿ ಬರುತ್ತೇನೆ.

ಮನೆ ತುಂಬಿದೆ ಎಂದೂ ಬರೆದಿದ್ದೀಯ. ತುಂಬಿದೆ, ನಿಜ. ದುಂಡೇಶ ಒಳ್ಳೆಯವನು, ಮನಿಷಾ ಒಳ್ಳೆಯವಳು. ನನ್ನ ಜೊತೆ ಯಾರೂ ಜಗಳ ಆಡುವುದಿಲ್ಲ. ಮಾತೂ ಆಡುವುದಿಲ್ಲ. ಏಳೂವರೆಗೆ ನಿನಗೆ ರಿಂಗ್ ಕೊಡುತ್ತಿದ್ದೆನಲ್ಲ, ಅದು ಬರೀ ನಿನಗೆ ಆಸರೆಯಾಗಲಿ ಎಂದು ಕೊಟ್ಟದ್ದಲ್ಲ. ಇಡೀ ದಿನದಲ್ಲಿ ಯಾರೋ ಒಬ್ಬರು ನನಗಾಗಿ ಕಾಯುತ್ತಾರೆ ಎಂದು ಅನ್ನಿಸುವ ಹೊತ್ತು ಅದೊಂದೇ. ನೀನು ಬೇಡ ಎಂದಾಗ ನನಗೆ ಎಷ್ಟು ಖಾಲಿಯಾಯಿತೆಂದು ನಿನಗೆ ಬರೆಯಲಿಲ್ಲ.

ಪಂಚಮಿಗೆ ಇನ್ನೂ ಬಹಳ ದಿನ ಇದೆ. ನನಗೆ ಅಷ್ಟು ದಿನ ಕಾಯಲು ಆಗುವುದಿಲ್ಲ.

ಕೈಚೀಲ ತುಂಬಿ ಮಂಚದ ಕೆಳಗೆ ಇಟ್ಟಿದ್ದೇನೆ. ಎರಡು ಸೀರೆ, ಕನ್ನಡಕ, ನಿನಗೆ ಸ್ವಲ್ಪ ಶೇಂಗಾ ಚಟ್ನಿ. ಈ ಪತ್ರ ನಿನಗೆ ಮುಟ್ಟಿರುತ್ತದೆ ಎನ್ನಿಸಿದ ದಿನದಿಂದ ಮತ್ತೆ ರಿಂಗ್ ಕೊಡುತ್ತೇನೆ. ಮಾತಾಡಬೇಡ, ನಿನಗೆ ಕೇಳುವುದೂ ಇಲ್ಲ.

ದೀಪದ ಹೊತ್ತಿನದು ಮಾಳುವಿನದು, ಅದನ್ನು ಎತ್ತಬೇಡ. ಏಳೂವರೆಯದು ನನ್ನದು. ಅದನ್ನು ಎತ್ತು.

ಸುಜಾತಾ